ಬೆಳ್ಳಗಿರುವುದೆಲ್ಲ ಹಾಲಲ್ಲ: ವಿಮಾನದಿಂದ ನೆಲವನ್ನೋದುವ ವಿದ್ಯೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

"ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮನುಷ್ಯರ ನಡತೆಯನ್ನು ಕುರಿತು ಹಿರಿಯರು ಆಡುವ ಈ ಮಾತು ನೆಲಕ್ಕೂ ಸಲ್ಲುತ್ತದೆಂಬುದು ನನಗೆ ತಿಳಿದದ್ದು ಕಳೆದ ಬೇಸಿಗೆಯ ರಜೆಯಲ್ಲಿ.

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ ನಾಲ್ಕು ಎಕರೆ ಎರೆಹೊಲವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅದಕ್ಕೆ ಬರುತ್ತದೆ. ಆ ಹೊಲದ ತಗ್ಗಿನ ಮೂಲೆಯಲ್ಲಿ ಸುಮಾರು ಒಂದು ಎಕರೆಯಷ್ಟು ಜಾಗದಲ್ಲಿ ಮೂರು ವರ್ಷಗಳಿಂದ ಭತ್ತದ ಸಸಿ ಹಳದಿಗಟ್ಟಿ ಕುಗ್ಗುತ್ತಿತ್ತು. ನೀರು ಆರಿದಾಗ ಮಣ್ಣಿನ ಮೇಲೆ ಬೆಳ್ಳನೆಯ ಪದರು ಕಾಣುತ್ತಿತ್ತು. ರೋಗವೆಂದು ಒಬ್ಬರು ಔಷಧಿ ಹೊಡೆಸಿದರು. ಮಣ್ಣಿನಲ್ಲಿ ಕಸುವಿಲ್ಲವೆಂದು ಇನ್ನೊಬ್ಬರು ಗೊಬ್ಬರದ ಚೀಲಗಳನ್ನು ಹೆಚ್ಚಿಸಿದರು. ಸಾಲ ಬೆಳೆಯಿತೇ ಹೊರತು ಭತ್ತ ಬೆಳೆಯಲಿಲ್ಲ. ಕೊನೆಗೆ ನಮ್ಮ ತಂದೆಯವರು ಆ ಒಂದೆಕರೆಯನ್ನು ಬಂದ ಬೆಲೆಗೆ ಮಾರಿಬಿಡುವ ಮಾತು ತೆಗೆದರು. ಅದೇ ಬೇಸಿಗೆಯಲ್ಲಿ ದೇವದುರ್ಗದಲ್ಲಿರುವ ನನ್ನ ಸೋದರಮಾವನ ಮನೆಗೆ ಹೋದೆ. ಅವರ ಹೊಲದ ದಿಬ್ಬದ ಮೇಲೂ ಬಿಳುಪು ಕಾಣುತ್ತಿತ್ತು. "ನಿಮ್ಮ ಹೊಲದ ಪೀಡೆ ನಮ್ಮ ಹೊಲಕ್ಕೂ ಬಂತಲ್ಲವ್ವಾ" ಎಂದು ಮಾವ ನಿಟ್ಟುಸಿರುಬಿಟ್ಟರು.

ಎರಡು ಹೊಲ, ಎರಡು ಬಿಳುಪು. ಎರಡೂ ಒಂದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಾಯಚೂರಿಗೆ ಹಿಂತಿರುಗಿದ ಕೆಲವು ದಿನಗಳಲ್ಲಿಯೇ ನಮ್ಮ ಭೂಗೋಳದ ಗುರುಗಳು ತರಗತಿಯಲ್ಲಿ ದೂರಸಂವೇದನೆಯ ಪಾಠವನ್ನು ಆರಂಭಿಸಿದರು. ನಮ್ಮ ಜಿಲ್ಲೆಯ ಹಟ್ಟಿಯ ನೆಲದ ಮೇಲೆ ವಿಮಾನವೊಂದು ಹಾರಿ, ಕಲ್ಲುಮಣ್ಣುಗಳಿಂದ ಬರುವ ಬೆಳಕನ್ನು ನಾನೂರಕ್ಕೂ ಹೆಚ್ಚು ಬಣ್ಣಗಳಾಗಿ ಬಿಡಿಸಿ ಬರೆದುಕೊಂಡು ಹೋದ ಸಂಗತಿಯನ್ನು ಹೇಳಿದರು. ನಾನು ಕಲಾವಿಭಾಗದವಳು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವಳು ನಾನೇ ಮೊದಲು. ಆದರೂ ಗುರುಗಳ ಸಹಾಯದಿಂದ ತಿಳಿದಷ್ಟನ್ನು, ನನ್ನಂತೆಯೇ ವಿಜ್ಞಾನ ಓದದ ಸಹಪಾಠಿಗಳಿಗಾಗಿ ಇಲ್ಲಿ ಬರೆಯುವ ಸಾಹಸ ಮಾಡಿದ್ದೇನೆ. ತಿಳಿದವರು ತಪ್ಪಿದ್ದಲ್ಲಿ ತಿದ್ದಬೇಕು.

ಬೆಳಕಿನ ಅಕ್ಷರಮಾಲೆ

ಬಿಸಿಲು ಬಿಳಿಯದಾಗಿ ಕಂಡರೂ ಅದು ಅನೇಕ ಬಣ್ಣಗಳ ಕೂಟ. ಇಂಗ್ಲೆಂಡಿನ ಐಸಾಕ್ ನ್ಯೂಟನ್ನನು ೧೬೬೬ ರ ಸುಮಾರಿಗೆ ಗಾಜಿನ ಪಟ್ಟಕದ ಮೂಲಕ ಬಿಸಿಲಿನ ಕಿರಣವನ್ನು ಹಾಯಿಸಿ ಇದನ್ನು ತೋರಿಸಿಕೊಟ್ಟನು. ಹೀಗೆ ಬಿಚ್ಚಿ ಹರಡಿದ ಬಣ್ಣಗಳ ಪಟ್ಟಿಗೆ ರೋಹಿತವೆಂದು ಹೆಸರು. ಮಳೆಬಿಲ್ಲು ನಿಸರ್ಗವೇ ಬರೆದ ರೋಹಿತ. ೧೮೧೪ ರಲ್ಲಿ ಜರ್ಮನಿಯ ಫ್ರೌನ್‌ಹೋಫರನು ಸೂರ್ಯನ ರೋಹಿತವನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಅದರೊಳಗೆ ನೂರಾರು ಕಪ್ಪು ಗೆರೆಗಳಿರುವುದನ್ನು ಗುರುತಿಸಿದನು. ಆ ಗೆರೆಗಳ ಗುಟ್ಟನ್ನು ೧೮೫೯ ರ ಸುಮಾರಿಗೆ ಕಿರ್ಕಾಫ್ ಮತ್ತು ಬುನ್ಸೆನ್ ಎಂಬ ವಿಜ್ಞಾನಿಗಳು ಬಿಡಿಸಿದರು. ಪ್ರತಿಯೊಂದು ಮೂಲವಸ್ತುವೂ ತನಗೆ ಗೊತ್ತಾದ ಬಣ್ಣಗಳನ್ನೇ ಹೊರಸೂಸುತ್ತದೆ, ತನಗೆ ಗೊತ್ತಾದ ಬಣ್ಣಗಳನ್ನೇ ನುಂಗುತ್ತದೆ. ಆದುದರಿಂದ ಗೆರೆಗಳನ್ನು ಓದಿದರೆ ವಸ್ತುವಿನ ಹೆಸರು ತಿಳಿಯುತ್ತದೆ. ಅದನ್ನು ಮುಟ್ಟಬೇಕಾಗಿಲ್ಲ, ಹತ್ತಿರ ಹೋಗಬೇಕಾಗಿಯೂ ಇಲ್ಲ.

ಈ ವಿದ್ಯೆಯ ಒಂದು ದೊಡ್ಡ ಘಟನೆ ನಮ್ಮ ಸೀಮೆಯ ನೆತ್ತಿಯ ಮೇಲೆಯೇ ನಡೆಯಿತೆಂಬುದು ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. ೧೮೬೮ ರ ಆಗಸ್ಟ್ ೧೮ ರಂದು ಸೂರ್ಯನಿಗೆ ಪೂರ್ಣಗ್ರಹಣವಾಯಿತು. ಫ್ರಾನ್ಸಿನ ಜಾನ್ಸೆನ್ ಎಂಬಾತನು ಗುಂಟೂರಿನಲ್ಲಿ, ಲೆಫ್ಟಿನೆಂಟ್ ಜಾನ್ ಹರ್ಷೆಲ್ಲನು ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕವನ್ನು ಹೂಡಿ, ಗ್ರಹಣದ ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳ ಗೆರೆಗಳನ್ನು ನೋಡಿದರು. ಅದೇ ವರ್ಷ ಲಾಕಿಯರ್ ಎಂಬ ಇಂಗ್ಲಿಷ್ ವಿಜ್ಞಾನಿಯೂ ಸೂರ್ಯನ ರೋಹಿತದಲ್ಲಿ ಒಂದು ಹಳದಿ ಗೆರೆಯನ್ನು ಅಭ್ಯಾಸಮಾಡಿದನು. ಅದು ಭೂಮಿಯ ಮೇಲೆ ಆಗ ಯಾರಿಗೂ ಗೊತ್ತಿಲ್ಲದ ಹೀಲಿಯಂ ಎಂಬ ಮೂಲವಸ್ತುವಿನದೆಂದು ನಿರ್ಧಾರವಾಯಿತು. ಭೂಪಟದಲ್ಲಿ ಜಮಖಂಡಿಗೂ ಗುಂಟೂರಿಗೂ ಒಂದು ಗೆರೆ ಎಳೆದು ನೋಡಿರಿ. ಅದು ನಮ್ಮ ದೇವದುರ್ಗದ ಹತ್ತಿರದಲ್ಲಿಯೇ ಹಾದುಹೋಗುತ್ತದೆ.

ಇಷ್ಟು ದೊಡ್ಡ ವಿದ್ಯೆಯ ಒಂದು ಚಿಕ್ಕ ಪ್ರಯೋಗವನ್ನು ಯಾರೂ ಮಾಡಬಹುದು. ಹಾಡು ಕೇಳಲು ಬಳಸುತ್ತಿದ್ದ ಹಳೆಯ ಸಿ.ಡಿ. ತಟ್ಟೆಯನ್ನು ತೆಗೆದುಕೊಳ್ಳಿರಿ. ಅದರ ಮೈಮೇಲೆ ಕಣ್ಣಿಗೆ ಕಾಣದ ಗೆರೆಗಳು ಸುರುಳಿಯಾಗಿ ಒತ್ತೊತ್ತಾಗಿ ಕೊರೆದಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸುಮಾರು ೧,೬೦೦ ನ್ಯಾನೋಮೀಟರ್. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೋಮೀಟರ್. ಈ ಗೆರೆಗಳೇ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ನಮ್ಮ ವಸತಿನಿಲಯದಲ್ಲಿ ಚಪ್ಪಲಿಯ ಪೆಟ್ಟಿಗೆಗೆ ಸಣ್ಣ ಸೀಳು ಮಾಡಿ, ಒಳಗೆ ಸಿ.ಡಿ.ಯ ತುಂಡನ್ನು ಓರೆಯಾಗಿಟ್ಟು ನಾವು ಗೆಳತಿಯರು ನೋಡಿದೆವು. ಹಳೆಯ ತಂತಿಯ ಬಲ್ಬಿನ ಬೆಳಕು ಕೆಂಪಿನಿಂದ ನೇರಳೆಯವರೆಗೆ ಎಡೆಬಿಡದೆ ಹರಡಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಾದರೋ ಹಸಿರು, ನೀಲಿಗಳ ಬಿಡಿ ಗೆರೆಗಳು ಎದ್ದು ಕಂಡವು. ಅವು ಅದರೊಳಗಿನ ಪಾದರಸದ ಆವಿಯವು. ಎರಡು ದೀಪಗಳೂ ಕಣ್ಣಿಗೆ ಬೆಳಕೇ. ಪೆಟ್ಟಿಗೆಗೆ ಮಾತ್ರ ಬೇರೆ ಬೇರೆ.

ಕಣ್ಣು ಕಾಣುವುದೆಷ್ಟು?

ನಮ್ಮ ಕಣ್ಣು ಬಣ್ಣವನ್ನು ಅಳೆಯುವುದು ಮೂರೇ ಅಳತೆಗೋಲುಗಳಿಂದ. ಕೆಂಪು, ಹಸಿರು, ನೀಲಿ ಎಂಬ ಮೂರು ಬಗೆಯ ಬೆಳಕಿಗೆ ಎಚ್ಚರಗೊಳ್ಳುವ ಮೂರು ತರದ ಕಣಗಳು ಅದರಲ್ಲಿವೆ. ಅದು ಕಾಣುವ ವ್ಯಾಪ್ತಿಯೂ ಕಿರಿದು: ಸುಮಾರು ೪೦೦ ರಿಂದ ೭೦೦ ನ್ಯಾನೋಮೀಟರ್‌ವರೆಗಿನ ಅಲೆಗಳು ಮಾತ್ರ. ಕೆಂಪಿನ ಆಚೆಗೆ ಅವಕೆಂಪು ಎಂಬ ದೊಡ್ಡ ಬಯಲೇ ಇದೆ. ಅಲ್ಲಿ ನಾವೆಲ್ಲರೂ ಕುರುಡರು.

ಉಪಗ್ರಹಗಳ ಕಣ್ಣು ಇದಕ್ಕಿಂತ ಸ್ವಲ್ಪ ಮೇಲಾಗಿತ್ತು. ೧೯೭೨ ರಲ್ಲಿ ಅಮೆರಿಕವು ಹಾರಿಸಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ತನ್ನ ಮುಖ್ಯ ಉಪಕರಣದಲ್ಲಿ ನಾಲ್ಕು ಪಟ್ಟಿಗಳಲ್ಲಿ ನೆಲವನ್ನು ನೋಡಿತು. ೧೯೮೮ ರ ನಮ್ಮ ಐ.ಆರ್.ಎಸ್.-೧ಎ ಉಪಗ್ರಹವೂ ನಾಲ್ಕು ಪಟ್ಟಿಗಳಲ್ಲಿಯೇ ನೋಡಿತು. ಬೆಳೆ, ನೀರು, ಬರಡು ನೆಲ ಎಂದು ವಿಂಗಡಿಸಲು ಇಷ್ಟು ಸಾಕು. ಆದರೆ ಈ ಬಿಳುಪು ಯಾವ ಬಿಳುಪು, ಈ ಕೆಂಪು ಯಾವ ಕಬ್ಬಿಣದ ಕೆಂಪು ಎಂದು ಕೇಳಿದರೆ ನಾಲ್ಕು ಪಟ್ಟಿಗಳು ಉತ್ತರ ಕೊಡಲಾರವು. ನಾಲ್ಕೇ ಅಕ್ಷರ ಕಲಿತವನು ಪುಸ್ತಕ ಓದಿದಂತಾಗುತ್ತದೆ.

ಆದಕಾರಣ ಅಮೆರಿಕದ ನಾಸಾ ಸಂಸ್ಥೆಗೆ ಸೇರಿದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ೧೯೮೦ ರ ದಶಕದ ಆರಂಭದಲ್ಲಿ, ಚಿತ್ರವನ್ನೂ ರೋಹಿತವನ್ನೂ ಒಟ್ಟಿಗೆ ಬರೆದುಕೊಳ್ಳುವ ಉಪಕರಣವನ್ನು ಮಾಡಿ ವಿಮಾನದಲ್ಲಿಟ್ಟು ಹಾರಿಸಿದರು. ಇದಕ್ಕೆ ಇಮೇಜಿಂಗ್ ಸ್ಪೆಕ್ಟ್ರೋಮೀಟರ್ ಎಂದು ಹೆಸರು. ನಾವು ಚಿತ್ರರೋಹಿತಮಾಪಕವೆಂದು ಕರೆಯೋಣ. ಅಲೆಕ್ಸಾಂಡರ್ ಗೋಟ್ಸ್ ಮತ್ತು ಅವರ ಸಂಗಡಿಗರು ೧೯೮೫ ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ವಿಧಾನವನ್ನು ಲೋಕಕ್ಕೆ ವಿವರಿಸಿದರು. ತರುವಾಯ ಅವಿರಿಸ್ ಎಂಬ ಉಪಕರಣವು ೧೯೮೭ ರಿಂದ ಕೆಲಸಕ್ಕೆ ತೊಡಗಿತು. ಅದು ಬೆಳಕನ್ನು ೨೨೪ ಪಟ್ಟಿಗಳಾಗಿ ಬಿಡಿಸುತ್ತಿತ್ತು. ೨೦೦೧ ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಎರಡು ಗೋಪುರಗಳು ಕುಸಿದುಬಿದ್ದ ಕೆಲವೇ ದಿನಗಳಲ್ಲಿ ಅವಿರಿಸ್ ಆ ನಗರದ ಮೇಲೆ ಹಾರಿತು. ಅವಶೇಷದ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೇಡುಮಾಡುವ ಕಲ್ನಾರಿನಂಥ ಖನಿಜಗಳು ಎಲ್ಲಿವೆಯೆಂದು ಹುಡುಕಲು ಅದು ನೆರವಾಯಿತು. ಇದೇ ಮನೆತನದ ಇನ್ನೊಂದು ಉಪಕರಣ ನಮ್ಮ ಚಂದ್ರಯಾನ-೧ ರಲ್ಲಿಯೂ ಇತ್ತು. ಚಂದ್ರನ ಮಣ್ಣಿನಲ್ಲಿ ನೀರಿನಂಶದ ಗುರುತನ್ನು ತೋರಿಸಿ ೨೦೦೯ ರಲ್ಲಿ ಹೆಸರಾಯಿತು.

ಉಪಕರಣದ ಮಗ್ಗ

ಅವಿರಿಸ್‌ನ ನಂತರ ಬಂದ ಉಪಕರಣದ ಹೆಸರು ಅವಿರಿಸ್-ಎನ್‌ಜಿ, ಎಂದರೆ ಮುಂದಿನ ಪೀಳಿಗೆಯ ಅವಿರಿಸ್. ಇದು ೩೮೦ ರಿಂದ ೨,೫೧೦ ನ್ಯಾನೋಮೀಟರ್‌ವರೆಗಿನ ಬೆಳಕನ್ನು ಐದೈದು ನ್ಯಾನೋಮೀಟರಿಗೊಂದರಂತೆ ಸುಮಾರು ೪೨೫ ಪಟ್ಟಿಗಳಾಗಿ ಬಿಡಿಸುತ್ತದೆ. ಇದರ ಕೆಲಸವನ್ನು ತಿಳಿಯಲು ನೇಕಾರನ ಮಗ್ಗವನ್ನು ನೆನೆಯುವುದು ಒಳ್ಳೆಯದು.

ಲಾಳಿ ಒಂದು ಸಲ ಹಾಯ್ದರೆ ಬಟ್ಟೆಗೆ ಒಂದು ಎಳೆ ಕೂಡುತ್ತದೆ. ಹಾಗೆಯೇ ವಿಮಾನವು ಹಾರುವಾಗ ಉಪಕರಣದ ಕಿರಿದಾದ ಸೀಳು ಕೆಳಗಿನ ನೆಲದ ಒಂದು ಅಡ್ಡಸಾಲನ್ನು ಮಾತ್ರ ನೋಡುತ್ತದೆ. ಆ ಸಾಲಿನಲ್ಲಿ ಸುಮಾರು ೬೦೦ ಮನೆಗಳಿರುತ್ತವೆ. ಚೌಕಾಬಾರ ಆಡುವ ಮನೆಗಳಂತೆ ನೆಲದ ಪುಟ್ಟ ಪುಟ್ಟ ಚೌಕಗಳೆಂದು ತಿಳಿಯಬೇಕು. ಪ್ರತಿ ಮನೆಯಿಂದ ಬಂದ ಬೆಳಕನ್ನೂ ಗೆರೆ ಕೊರೆದ ಮೇಲ್ಮೈಯೊಂದು, ನಮ್ಮ ಸಿ.ಡಿ. ತಟ್ಟೆಯಂತೆ, ಬಣ್ಣಗಳಾಗಿ ಬಿಚ್ಚುತ್ತದೆ. ಬಿಚ್ಚಿದ ಪ್ರತಿ ಬಣ್ಣ ಎಷ್ಟು ಪ್ರಖರವೆಂದು ಅಂಕಿಯಾಗಿ ದಾಖಲಾಗುತ್ತದೆ. ಅಷ್ಟರಲ್ಲಿ ವಿಮಾನ ಮುಂದಕ್ಕೆ ಸರಿದಿರುತ್ತದೆ. ಮುಂದಿನ ಸಾಲು ಬರುತ್ತದೆ. ಹೀಗೆ ಸಾಲಿಗೆ ಸಾಲು ಕೂಡಿ ನೆಲದ ಬಟ್ಟೆ ನೇಯಲ್ಪಡುತ್ತದೆ.

ವಿಮಾನ ನೆಲದಿಂದ ೪ ಕಿಲೋಮೀಟರ್ ಮೇಲೆ ಹಾರಿದರೆ ಒಂದು ಮನೆಯ ಅಗಲ ಸುಮಾರು ೪ ಮೀಟರ್. ೮ ಕಿಲೋಮೀಟರ್ ಮೇಲೆ ಹಾರಿದರೆ ೮ ಮೀಟರ್. ಒಂದು ಎಕರೆಯೆಂದರೆ ಸುಮಾರು ೪,೦೪೭ ಚದರ ಮೀಟರ್. ೮ ಮೀಟರ್ ಚೌಕದ ಲೆಕ್ಕದಲ್ಲಿ ನಮ್ಮ ಕೆಟ್ಟ ಒಂದೆಕರೆಗೆ ೬೩ ಮನೆಗಳು ಬೀಳುತ್ತವೆ. ಮನೆಗೆ ೪೨೫ ಅಂಕಿಗಳಂತೆ ೨೬,೭೭೫ ಅಂಕಿಗಳಾಗುತ್ತವೆ. ನಮ್ಮ ತಾತನ ಕಾಲದಿಂದ ಆ ಒಂದೆಕರೆಯ ಬಗ್ಗೆ ಪಹಣಿಯಲ್ಲಿ ಬರೆದಿರುವುದು ನಾಲ್ಕಾರು ಸಾಲು ಮಾತ್ರವೆಂಬುದನ್ನು ನೆನೆದಾಗ ನನಗೆ ಬೆರಗಾಯಿತು.

ವಸ್ತುಗಳ ಸಹಿ

ಇಷ್ಟು ಅಂಕಿಗಳಿಂದ ಏನು ಪ್ರಯೋಜನ? ಅಂಕಿಗಳನ್ನು ಸಾಲಾಗಿ ಗುರುತಿಸಿ ಗೆರೆ ಎಳೆದರೆ ಏರಿಳಿತದ ಒಂದು ರೇಖೆ ದೊರೆಯುತ್ತದೆ. ವಸ್ತು ಯಾವ ಅಲೆಯನ್ನು ನುಂಗುತ್ತದೆಯೋ ಅಲ್ಲಿ ರೇಖೆ ತಗ್ಗುತ್ತದೆ. ಈ ತಗ್ಗುಗಳೇ ಆ ವಸ್ತುವಿನ ಸಹಿ.

ಮೊದಲು ಹಸಿರೆಲೆಯನ್ನು ನೋಡೋಣ. ಅದರ ಪತ್ರಹರಿತ್ತು ನೀಲಿಯನ್ನೂ, ೬೭೦ ನ್ಯಾನೋಮೀಟರಿನ ಸುತ್ತಲಿನ ಕೆಂಪನ್ನೂ ನುಂಗಿ, ಹಸಿರನ್ನು ಕೊಂಚ ಹಿಂದಕ್ಕೆ ಕೊಡುತ್ತದೆ. ೭೦೦ ನ್ನು ದಾಟಿದೊಡನೆ ರೇಖೆ ಗೋಡೆಯಂತೆ ಮೇಲಕ್ಕೇರುತ್ತದೆ. ಅವಕೆಂಪಿನಲ್ಲಿ ಎಲೆ ಬಹಳ ಉಜ್ವಲವಾಗಿರುತ್ತದೆ. ಗಿಡಕ್ಕೆ ಬಾಧೆಯಾಗಿ ಪತ್ರಹರಿತ್ತು ಕುಗ್ಗಿದರೆ ಈ ಗೋಡೆ ಕೆಲವು ನ್ಯಾನೋಮೀಟರ್‌ಗಳಷ್ಟು ನೀಲಿಯ ಕಡೆಗೆ ಸರಿಯುತ್ತದೆ. ಎಲೆ ಹಳದಿಯಾದುದನ್ನು ನಮ್ಮ ಕಣ್ಣು ಕಾಣುವುದಕ್ಕಿಂತ ಮುಂಚೆಯೇ ಈ ಸರಿತವು ಉಪಕರಣಕ್ಕೆ ಗೋಚರವಾಗಬಲ್ಲದು.

ಇನ್ನು ಮಣ್ಣು. ಕೆಂಪು ನೆಲದಲ್ಲಿರುವ ಕಬ್ಬಿಣದ ತುಕ್ಕಿನ ಖನಿಜಗಳು ೮೫೦ ರಿಂದ ೯೨೦ ರ ಸುಮಾರಿನಲ್ಲಿ ಅಗಲವಾದ ತಗ್ಗನ್ನು ಮೂಡಿಸುತ್ತವೆ. ಎರೆಮಣ್ಣಿನ ಜೇಡಿ ೨,೨೦೦ ರ ಹತ್ತಿರ ಚೂಪಾದ ತಗ್ಗನ್ನು ಕೊಡುತ್ತದೆ. ಸುಣ್ಣದ ಕಲ್ಲಿನ ತಗ್ಗು ೨,೩೪೦ ರ ಹತ್ತಿರ. ಒಣಗಿದ ಭತ್ತದ ಹುಲ್ಲಿನ ನಾರಿನ ತಗ್ಗು ೨,೧೦೦ ರ ಬಳಿ. ಜಿಪ್ಸಂ ೧,೭೫೦ ರ ಬಳಿ ತನ್ನ ಗುರುತನ್ನು ತೋರುತ್ತದೆ. ಕಣ್ಣಿಗೆ ಮಾಸಲು ಬಿಳಿಯಾಗಿ ಒಂದೇ ತೆರನಾಗಿ ಕಾಣುವ ಸುಣ್ಣ, ಜಿಪ್ಸಂ, ಒಣಹುಲ್ಲು ಇಲ್ಲಿ ಮೂರು ಹೆಸರಿನಿಂದ ಮೂರು ಕಡೆ ಸಹಿ ಮಾಡುತ್ತವೆ. ಗಾದೆಯ ಮಾತು ಹೀಗೆ ಅಂಕಿಗಳಲ್ಲಿ ಸತ್ಯವಾಗುತ್ತದೆ.

ಆದರೆ ಅಡ್ಡಿಗಳೂ ಉಂಟು. ನೆಲಕ್ಕೂ ವಿಮಾನಕ್ಕೂ ನಡುವೆ ಗಾಳಿಯಿದೆ. ಗಾಳಿಯಲ್ಲಿರುವ ನೀರಾವಿಯು ೧,೪೦೦ ಮತ್ತು ೧,೯೦೦ ರ ಸುತ್ತಲಿನ ಬೆಳಕನ್ನು ಬಹುಮಟ್ಟಿಗೆ ತಾನೇ ನುಂಗಿಬಿಡುತ್ತದೆ. ಮೋಡವಿದ್ದರೆ ಕೆಲಸವೇ ನಡೆಯದು. ಒಂದು ಮನೆಯೊಳಗೆ ಬೆಳೆ, ಬದು, ದಾರಿ ಎಲ್ಲವೂ ಕೂಡಿದ್ದರೆ ಸಹಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಗಾಳಿಯ ಪಾಲನ್ನು ಕಳೆದು, ಕಲಸಿದ್ದನ್ನು ಬಿಡಿಸುವುದು ಗಣಿತದ ಕೆಲಸ.

ಹಟ್ಟಿಯ ಆಕಾಶದಲ್ಲಿ

ನಮ್ಮ ಇಸ್ರೋ ಮತ್ತು ನಾಸಾ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಅವಿರಿಸ್-ಎನ್‌ಜಿ ಉಪಕರಣವನ್ನು ಭಾರತಕ್ಕೆ ತರಿಸಿದವು. ಇಸ್ರೋದ ಬಿ-೨೦೦ ವಿಮಾನದಲ್ಲಿ ಅದನ್ನು ಅಳವಡಿಸಿ, ೨೦೧೫ ರ ಡಿಸೆಂಬರಿನಿಂದ ೨೦೧೬ ರ ಮಾರ್ಚಿಯವರೆಗೆ ದೇಶದ ೫೭ ಸ್ಥಳಗಳ ಮೇಲೆ ಹಾರಿಸಲಾಯಿತು. ೨೦೧೮ ರಲ್ಲಿ ಎರಡನೆಯ ಸುತ್ತಿನ ಹಾರಾಟವಾಯಿತು. ಕಾಡು, ಬೆಳೆ, ಕಡಲಂಚು, ಹಿಮ, ಖನಿಜ ಇವೆಲ್ಲವೂ ಅಧ್ಯಯನದ ವಿಷಯಗಳಾಗಿದ್ದವು. ಮೋಡವಿಲ್ಲದ ಆಕಾಶ ಬೇಕಾದುದರಿಂದ ಚಳಿಗಾಲ ಇದಕ್ಕೆ ತಕ್ಕ ಕಾಲ.

ಹಾಗೆ ನೋಡಲ್ಪಟ್ಟ ನೆಲಗಳಲ್ಲಿ ಒಂದು ಹಟ್ಟಿ. ಅದು ಲಿಂಗಸುಗೂರು ತಾಲ್ಲೂಕಿನಲ್ಲಿ, ನಮ್ಮ ಮಾನ್ವಿ ದೇವದುರ್ಗಗಳ ನೆರೆಯಲ್ಲಿಯೇ ಇದೆ. ಅಲ್ಲಿಯ ಚಿನ್ನದ ಗಣಿ ನಾಡಿಗೆಲ್ಲ ಗೊತ್ತಿರುವುದೇ. ಚಿನ್ನವನ್ನು ಆಕಾಶದಿಂದ ಕಂಡರೇ ಎಂದು ನಾನು ಗುರುಗಳನ್ನು ಕೇಳಿದೆ. ಅವರು ನಕ್ಕು ಇಲ್ಲವೆಂದರು. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಅದನ್ನು ಯಾವ ಉಪಕರಣವೂ ಮೇಲಿನಿಂದ ಕಾಣಲಾರದು. ಆದರೆ ಕೋಟಿ ಕೋಟಿ ವರ್ಷಗಳ ಹಿಂದೆ ಚಿನ್ನವನ್ನು ಹೊತ್ತುತಂದ ಬಿಸಿನೀರು ಬಿರುಕುಗಳ ಅಕ್ಕಪಕ್ಕದ ಕಲ್ಲನ್ನೂ ಮಾರ್ಪಡಿಸಿ ಹೋಗಿದೆ. ಅಭ್ರಕ, ಕ್ಲೋರೈಟ್, ಸುಣ್ಣದ ಜಾತಿಯ ಖನಿಜಗಳು ಅಲ್ಲಿ ಹುಟ್ಟಿಕೊಂಡಿವೆ. ಅವುಗಳ ಸಹಿ ೨,೨೦೦ ರಿಂದ ೨,೩೫೦ ರೊಳಗೆ ಓದಲು ಸಿಗುತ್ತದೆ. ಕಳ್ಳ ಕಾಣದಿದ್ದರೂ ಹೆಜ್ಜೆಗುರುತು ಕಾಣುತ್ತದೆ. ಹಟ್ಟಿಯ ಗ್ರಾನೈಟು ಹಾಗೂ ಹಸಿರುಕಲ್ಲಿನ ಪಟ್ಟಿಗಳನ್ನು ಈ ಅಂಕಿಗಳ ಸಹಾಯದಿಂದ ಗಣಕಯಂತ್ರವೇ ವಿಂಗಡಿಸುವಂತೆ ಮಾಡಿದ ಅಧ್ಯಯನವೊಂದು ೨೦೨೦ ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ೧೯೧೫ ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನು ಇದೇ ಸೀಮೆಯಲ್ಲಿ ಚಿನ್ನವನ್ನು ಹುಡುಕುತ್ತ ನಡೆದಾಗ ಮಸ್ಕಿಯ ಬಂಡೆಯ ಮೇಲೆ ಅಕ್ಷರಗಳನ್ನು ಕಂಡನು. ಅದೇ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳುವ ಪ್ರಸಿದ್ಧ ಶಾಸನ. ಕಲ್ಲಿನಲ್ಲಿ ಬರೆದುದನ್ನು ಓದಲು ಲಿಪಿ ಬಲ್ಲವರು ಬೇಕಾದರು. ಬೆಳಕಿನಲ್ಲಿ ಬರೆದುದಕ್ಕೂ ಇದೇ ನಿಯಮ. ಬರಹ ಎಲ್ಲೆಲ್ಲಿಯೂ ಇದೆ, ಓದುವವರು ಬೇಕು.

ನಮ್ಮ ಹೊಲದ ಪ್ರಶ್ನೆ

ಈಗ ಮೊದಲಿನ ಎರಡು ಬಿಳುಪುಗಳಿಗೆ ಬರೋಣ. ಆಕಾಶದ ಉಪಕರಣ ನನ್ನ ಕೈಯಲ್ಲಿಲ್ಲ. ಆದರೆ ಅದು ಕಲಿಸಿದ ಪಾಠ, ಬಿಳುಪನ್ನು ನಂಬದೆ ಸಹಿಯನ್ನು ಕೇಳಬೇಕೆಂಬುದು, ನನ್ನದಾಗಿತ್ತು. ಮಾವನ ಹೊಲದ ಬಿಳಿ ಹರಳುಗಳನ್ನೂ ನಮ್ಮ ಹೊಲದ ಬಿಳಿಯ ಪದರನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ತಂದು, ವಿಜ್ಞಾನ ಓದುವ ಗೆಳತಿಯೊಬ್ಬಳಿಗೆ ಕೊಟ್ಟೆ. ದೇವದುರ್ಗದ ಹರಳಿನ ಮೇಲೆ ತಿಳಿಯಾದ ಆಮ್ಲದ ಹನಿ ಬಿದ್ದೊಡನೆ ಬುಸ್ಸೆಂದು ನೊರೆ ಬಂತು. ನೀರಿನಲ್ಲಿ ಹಾಕಿದರೆ ಅದು ಕರಗಲಿಲ್ಲ. ಅದು ಬರಿಯ ಸುಣ್ಣದ ಹರಳು. ಮಾನ್ವಿಯ ಪದರಿನ ಬಿಳುಪು ನೀರಿನಲ್ಲಿ ಹಾಕಿದ ಕೂಡಲೆ ಕರಗಿಹೋಯಿತು. ತಳದಲ್ಲಿ ಮಣ್ಣು ಮಾತ್ರ ಉಳಿಯಿತು. ಅದು ಸವಳು.

ಮಾವನಿಗೆ ಫೋನಿನಲ್ಲಿ ತಿಳಿಸಿದಾಗ ಅವರು ನಿಶ್ಚಿಂತರಾದರು. ತಂದೆಯವರಿಗೆ ತಿಳಿಸಲು ನಾನೇ ಊರಿಗೆ ಹೋದೆ. ರೋಹಿತ, ನ್ಯಾನೋಮೀಟರ್ ಎಂದು ಏನೇನೋ ವಿವರಿಸತೊಡಗಿದೆ. ಅವರು ತಾಳ್ಮೆಯಿಂದ ಕೇಳಿ, ಬಗ್ಗಿ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಉಗುಳಿದರು. "ಉಪ್ಪು ಐತೆವ್ವಾ. ಇದು ನನಗೂ ಗೊತ್ತಿತ್ತು. ಎಲ್ಲಿಂದ ಬಂತು, ಹೆಂಗ ಹೋಗತೈತಿ, ಅದನ್ನ ಹೇಳು" ಎಂದರು.

ನಾನು ನಾಚಿದೆ. ಏಕೆಂದರೆ ನಾನು ಓದಿದ ಒಂದು ಮುಖ್ಯ ವಿಷಯವನ್ನು ಅವರಿಗೆ ಹೇಳಿರಲೇ ಇಲ್ಲ. ಶುದ್ಧವಾದ ಅಡುಗೆ ಉಪ್ಪಿಗೆ ಅವಿರಿಸ್-ಎನ್‌ಜಿ ನೋಡುವ ವ್ಯಾಪ್ತಿಯಲ್ಲಿ ತನ್ನದೇ ಆದ ತಗ್ಗು ಇಲ್ಲ; ಅದು ಸಹಿ ಮಾಡದ ವಸ್ತು. ಉಪಕರಣವು ಅದನ್ನು ಪರೋಕ್ಷವಾಗಿ ಊಹಿಸಬೇಕು: ಉಪ್ಪು ಹಿಡಿದ ತೇವದಿಂದ, ಜೊತೆಗಿರುವ ಜಿಪ್ಸಂನಂಥ ಲವಣಗಳಿಂದ, ಮಂಕಾದ ಜೇಡಿಯ ತಗ್ಗಿನಿಂದ, ಬಾಧೆಗೊಂಡ ಬೆಳೆಯ ಎಲೆಯಿಂದ. ೪೨೫ ಪಟ್ಟಿಗಳ ಉಪಕರಣ ಸುತ್ತು ದಾರಿಯಿಂದ ತಿಳಿಯುವುದನ್ನು ನಮ್ಮ ತಂದೆಯವರ ನಾಲಿಗೆ ನೇರವಾಗಿ ಹೇಳಿತು. ಆದರೆ ನಾಲಿಗೆ ಒಂದು ಚಿಟಿಕೆಯನ್ನು ಮಾತ್ರ ಬಲ್ಲದು. ಒಂದು ತಾಲ್ಲೂಕನ್ನು ಬಲ್ಲದು ಎನ್ನುವಂತಿಲ್ಲ. ಅದಕ್ಕಾಗಿಯೇ ವಿಮಾನ ಹಾರಿಸುವ ವಿಜ್ಞಾನಿಗಳು ನೆಲದ ಮೇಲೂ ಜನರನ್ನು ಕಳುಹಿಸಿ, ಮಣ್ಣನ್ನು ಅಗೆದು, ಎಲೆಯನ್ನು ಅಳೆದು, ಮೇಲಿನ ಓದು ಸರಿಯೇ ತಪ್ಪೇ ಎಂದು ತಾಳೆ ನೋಡುತ್ತಾರೆ. ನೆಲದ ಸಾಕ್ಷಿಯಿಲ್ಲದೆ ಆಕಾಶದ ಮಾತಿಗೆ ಬೆಲೆಯಿಲ್ಲ.

ತಂದೆಯವರ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿತ್ತು. ತುಂಗಭದ್ರಾ ಜಲಾಶಯದ ನೀರು ೧೯೫೩ ರಿಂದ ಹೊಲಗಳಿಗೆ ಹರಿಯತೊಡಗಿತು. ಎಡದಂಡೆ ಕಾಲುವೆಯ ಉದ್ದ ೨೨೭ ಕಿಲೋಮೀಟರ್. ಹೆಚ್ಚು ನೆಲಕ್ಕೆ ಕಡಿಮೆ ನೀರು ಹಂಚಿ, ಜೋಳ, ಹತ್ತಿ, ಶೇಂಗಾ ಮೊದಲಾದ ಬೆಳೆಗಳನ್ನು ಕಾಪಾಡಬೇಕೆಂಬುದು ಯೋಜನೆಯ ಮೂಲ ಉದ್ದೇಶವಾಗಿತ್ತು. ಆದರೆ ನೀರು ಕೈಗೆ ಸಿಕ್ಕಲ್ಲೆಲ್ಲ ಭತ್ತ ಹಬ್ಬಿತು. ಎರೆಮಣ್ಣು ನೀರನ್ನು ಬೇಗ ಬಸಿಯುವುದಿಲ್ಲ. ವರ್ಷವರ್ಷವೂ ಇಂಗಿದ ನೀರಿನಿಂದ ಒಳನೀರು ಮೇಲೆ ಬಂತು. ನೆಲದ ಮಟ್ಟಕ್ಕೆ ಒಂದೆರಡು ಮೀಟರ್ ಹತ್ತಿರಕ್ಕೆ ಬಂದ ಮೇಲೆ, ಹಣತೆಯ ಬತ್ತಿ ಎಣ್ಣೆಯನ್ನು ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮೇಲುಳಿಯುತ್ತದೆ. ಆದುದರಿಂದ ಗೊಬ್ಬರ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಉಪ್ಪೇ. ಬಸಿಗಾಲುವೆ ತೋಡಿ, ಒಳನೀರನ್ನು ಇಳಿಸಿ, ಮೇಲಿನಿಂದ ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಹೊರಹಾಕುವುದೇ ಮದ್ದು. ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವು ಇಂಥ ನೆಲಗಳ ಕುರಿತಾಗಿಯೇ ಕೆಲಸ ಮಾಡುತ್ತಿದೆ.

ಇನ್ನೊಂದು ಎಚ್ಚರಿಕೆ. ಸವಳು ಬೇರೆ, ಕ್ಷಾರ ಬೇರೆ. ಸೋಡಿಯಂ ಹಿಡಿದ ಕ್ಷಾರಭೂಮಿಗೆ ಜಿಪ್ಸಂ ಹಾಕುತ್ತಾರೆ; ಬರಿಯ ಸವಳಿಗೆ ಅದರಿಂದ ಪ್ರಯೋಜನವಿಲ್ಲ. ಮಣ್ಣಿನ ರಸದ ವಿದ್ಯುದ್ವಾಹಕತೆ ಮೀಟರಿಗೆ ೪ ಡೆಸಿಸೀಮನ್ಸ್ ಮೀರಿದ್ದು, ಸೋಡಿಯಂ ಕಡಿಮೆಯಿದ್ದರೆ ಅದನ್ನು ಸವಳೆಂದು ಎಣಿಸುತ್ತಾರೆ. ನಮ್ಮ ಮಣ್ಣನ್ನು ಪರೀಕ್ಷೆಗೆ ಕೊಟ್ಟೆವು; ವಾಹಕತೆ ಆ ಅಂಕಿಯನ್ನು ಬಹಳ ಮೀರಿತ್ತು, ಸೋಡಿಯಂ ಮಿತಿಯೊಳಗಿತ್ತು. ಹೆಸರು ತಿಳಿಯದ ರೋಗಕ್ಕೆ ಮೂರು ವರ್ಷ ಔಷಧಿ ಕೊಂಡ ನಮಗೆ ಒಂದು ಕಾಗದದಲ್ಲಿ ರೋಗದ 'ಹೆಸರು' ಸಿಕ್ಕಿತು.

ಮುಕ್ತಾಯ

ಆ ಒಂದೆಕರೆಯನ್ನು ತಂದೆಯವರು ಮಾರಲಿಲ್ಲ. ಈ ಬೇಸಿಗೆಯಲ್ಲಿ ಬಸಿಗಾಲುವೆಯನ್ನು ನಮ್ಮ ಬದುವಿನವರೆಗೆ ತೋಡಿದ್ದಾರೆ. ಮುಂದಿನ ಹಳ್ಳಕ್ಕೆ ಅದನ್ನು ಕೂಡಿಸಬೇಕಾದರೆ ಕೆಳಗಿನ ಹೊಲದವರು ಒಪ್ಪಬೇಕು. ಅವರ ಹೊಲದಲ್ಲಿ ಇನ್ನೂ ಬಿಳುಪು ಕಂಡಿಲ್ಲ. ಆದುದರಿಂದ ಅವರಿಗೆ ನಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ. ಬಿಳುಪು ಕಾಣುವುದಕ್ಕೆ ಮುಂಚೆಯೇ ಅವರ ಬೆಳೆಯ ಎಲೆಯಲ್ಲಿ ಬಾಧೆಯ ಗುರುತು ಮೂಡಿರಬಹುದು. ಅದನ್ನು ತೋರಿಸುವ ಕಣ್ಣು ನಮ್ಮಲ್ಲಿ ಯಾರಿಗೂ ಇಲ್ಲ. ಇಂಥ ಕಣ್ಣಿನ ಬೆಲೆ ನನಗೆ ಅರ್ಥವಾದದ್ದು ಆ ಬದುವಿನ ಮೇಲೆ ನಿಂತಾಗ.

೨೦೧೮ ರ ನವೆಂಬರ್ ೨೯ ರಂದು ಇಸ್ರೋ ತನ್ನದೇ ಆದ ಹೈಸಿಸ್ ಎಂಬ ರೋಹಿತ ಉಪಗ್ರಹವನ್ನು ಹಾರಿಸಿತು. ಅದರ ಒಂದು ಮನೆ ೩೦ ಮೀಟರ್. ನಮ್ಮ ಒಂದೆಕರೆಗೆ ನಾಲ್ಕೂವರೆ ಮನೆಗಳು ಮಾತ್ರ. ಸಣ್ಣ ರೈತನ ಹೊಲವನ್ನು ಓದಲು ವಿಮಾನದ ಸೂಕ್ಷ್ಮ ಕಣ್ಣೇ ಬೇಕು. ಚಿನ್ನಕ್ಕಾಗಿ ಹಟ್ಟಿಯ ಮೇಲೆ ಹಾರಿದ ಈ ಕಣ್ಣು ಸವಳಿಗಾಗಿ ಕಾಲುವೆಯ ಬಯಲುಗಳ ಮೇಲೆ ವರ್ಷಕ್ಕೊಮ್ಮೆಯಾದರೂ ಹಾರಲಿ ಎಂಬುದು ನನ್ನ ಹಾರೈಕೆ. ಮಣ್ಣಿನ ಕೆಳಗಿನ ಚಿನ್ನಕ್ಕಿಂತ ಮಣ್ಣೇನು ಕಡಿಮೆ ಬೆಲೆಯದಲ್ಲ.

ಆದರೆ ವಿಮಾನ ಬರುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ನೆಲದ ಸಾಕ್ಷಿ ಹೇಳಲು ನಮ್ಮ ಕಾಲೇಜಿನಲ್ಲಿಯೇ ನೂರಾರು ಮಂದಿ ಇದ್ದೇವೆ. ಮಾನ್ವಿ, ದೇವದುರ್ಗ, ಸಿಂಧನೂರು, ಲಿಂಗಸುಗೂರಿನ ಹಳ್ಳಿಗಳಿಂದ ಬಂದವರೇ ನಮ್ಮಲ್ಲಿ ಹೆಚ್ಚು. ರಜೆಗೆ ಊರಿಗೆ ಹೋದಾಗ ಒಂದು ನೋಟುಪುಸ್ತಕ ಹಿಡಿದು, ಯಾವ ಹೊಲದ ಯಾವ ಮೂಲೆಯಲ್ಲಿ ಯಾವ ತಿಂಗಳು ಬಿಳುಪು ಕಂಡಿತು, ನೀರಿನಲ್ಲಿ ಕರಗಿತೇ ಇಲ್ಲವೇ ಎಂದು ಬರೆದಿಟ್ಟರೆ, ಮುಂದೆ ಆಕಾಶದಿಂದ ಓದುವವರಿಗೆ ಅದು ದಾರಿದೀಪವಾಗುತ್ತದೆ. ಇದಕ್ಕೆ ವಿಜ್ಞಾನದ ಪದವಿ ಬೇಡ. ಕಲಾವಿಭಾಗದವರಿಗೂ ಇದು ಸಾಧ್ಯ.

ಹಿರಿಯರು ಮಣ್ಣನ್ನು ನಾಲಿಗೆಯಿಂದ ಓದಿದರು. ವಿಜ್ಞಾನಿಗಳು ಬೆಳಕಿನಿಂದ ಓದುತ್ತಿದ್ದಾರೆ. ಎರಡನ್ನೂ ತಾಳೆ ಹಾಕಿ ಬರೆದಿಡುವ ಕೆಲಸ, ಅಕ್ಷರ ಕಲಿತು ಊರಿಗೆ ಹಿಂತಿರುಗುವ ನಮ್ಮ ಪಾಲಿಗೆ ಬಂದಿದೆ.